ಹಿಂಪಡೆ, ಹಿಂತೆಗೆ, ಹಿಂದೆ ಸರಿ, ವಾಪಸ್ ತಗೋ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹಾಸನದಲ್ಲಿ ಅರ್ಜಿ ಬರೆದುಕೊಡುವ ಕೆಲಸ ಮಾಡುತ್ತೇನೆ. ಬ್ಯಾಂಕಿನ ಚೀಟಿ, ಪಂಚಾಯಿತಿಗೆ ಮನವಿ, ಶಾಲೆಗೆ ಪತ್ರ, ಠಾಣೆಗೆ ದೂರು, ಹೀಗೆ ದಿನಕ್ಕೆ ಹತ್ತಾರು ಕಾಗದ ಕೈಯಲ್ಲಿ ಹೋಗುತ್ತವೆ. ಜನ ತಡವರಿಸುವುದು ಹೆಚ್ಚಾಗಿ ಒಂದೇ ಜಾಗದಲ್ಲಿ. ಕೊಟ್ಟಿದ್ದನ್ನು ವಾಪಸ್ ತಗೊಳ್ಳುವುದು, ಒಪ್ಪಿದ್ದರಿಂದ ಹಿಂದೆ ಬರುವುದು, ಬ್ಯಾಂಕಿನಿಂದ ದುಡ್ಡು ತೆಗೆಯುವುದು, ಇದಕ್ಕೆಲ್ಲ ಯಾವ ಪದ ಬರೆಯಬೇಕು ಅಂತ. ಪದ ತಪ್ಪಿದರೆ ಕೆಲಸವೇ ತಪ್ಪುತ್ತೆ, ಅದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದಕ್ಕೇ ಜನ ಕೇಳಿದ ಪ್ರಶ್ನೆಗಳನ್ನು ಒಂದು ಕಡೆ ಕೂಡಿಸಿ ಬರೆದಿದ್ದೇನೆ.

ಹಿಂಪಡೆ ಅಂದರೆ ಸರಿಯಾಗಿ ಏನರ್ಥ?

ನಿಮ್ಮದಾಗಿದ್ದು, ನೀವೇ ಕೊಟ್ಟಿದ್ದು ಅಥವಾ ಇಟ್ಟಿದ್ದು, ಅದನ್ನು ನೀವೇ ಮತ್ತೆ ಪಡೆಯುವುದು. ಹಿಂದಕ್ಕೆ ಪಡೆ, ಅಷ್ಟೇ. ಬ್ಯಾಂಕಿನಲ್ಲಿ ಇಟ್ಟ ಹಣ, ಕೊಟ್ಟ ಅರ್ಜಿ, ಸಲ್ಲಿಸಿದ ನಾಮಪತ್ರ, ಹೊರಡಿಸಿದ ಆದೇಶ, ಆಡಿದ ಹೇಳಿಕೆ, ಇವೆಲ್ಲ ಹಿಂಪಡೆಯುವಂಥವು.

ಇಲ್ಲಿ ಒಂದು ಗುಟ್ಟಿದೆ. ಕೊಟ್ಟವರು ಯಾರೋ ಅವರೇ ಹಿಂಪಡೆಯಬೇಕು. ಪಕ್ಕದ ಮನೆಯವರ ಅರ್ಜಿಯನ್ನು ನಾನು ಹಿಂಪಡೆಯುವುದಕ್ಕೆ ಆಗಲ್ಲ. ಅಧಿಕಾರಿ ನನ್ನ ಅರ್ಜಿಯನ್ನು ತಳ್ಳಿಹಾಕಬಹುದು, ತಿರಸ್ಕರಿಸಬಹುದು, ಆದರೆ ಹಿಂಪಡೆಯಲಾರರು. "ಸಾಹೇಬರು ನನ್ನ ಅರ್ಜಿ ಹಿಂಪಡೆದುಬಿಟ್ರು" ಅಂತ ಯಾರಾದರೂ ಹೇಳಿದರೆ ನಾನು ಕೂರಿಸಿಕೊಂಡು ಮತ್ತೆ ಕೇಳುತ್ತೇನೆ, ನಿಜವಾಗಿ ಏನಾಯ್ತು ಅಂತ. ತಿರಸ್ಕಾರ ಆಗಿದ್ದರೆ ಮೇಲ್ಮನವಿಗೆ ದಾರಿ ಇರಬಹುದು. ನೀವೇ ಹಿಂಪಡೆದಿದ್ದರೆ ಆ ಮಾತೇ ಬೇರೆ.

ಹಿಂತೆಗೆ, ಹಿಂದೆಗೆ: ಇವೆರಡರಲ್ಲಿ ಯಾವುದು ಸರಿ?

ಎರಡೂ ಸರಿ. ಈ ಪ್ರಶ್ನೆ ಬಂದರೆ ನನಗೆ ಖುಷಿ, ಯಾಕೆಂದರೆ ಇದರಲ್ಲಿ ನಮ್ಮ ಭಾಷೆ ಕೆಲಸ ಮಾಡುವ ರೀತಿ ಚೆನ್ನಾಗಿ ಕಾಣುತ್ತೆ.

ಹಿಂದೆ ಅನ್ನುವ ಮಾತಿನ ಮೊದಲ ತುಂಡು 'ಹಿಂ'. ಅದು ಮುಂದಿನ ಪದಕ್ಕೆ ತಕ್ಕಂತೆ ಬದಲಾಗುತ್ತೆ. ಮಡಿ ಬಂದರೆ ಹಿಮ್ಮಡಿ. ನೀರು ಬಂದರೆ ಹಿನ್ನೀರು. ಕೆಲವು ಸಲ ಮುಂದಿನ ಪದವೂ ಮೆತ್ತಗಾಗುತ್ತೆ. ಕಾಲು ಹೋಗಿ ಹಿಂಗಾಲು ಆಗುತ್ತೆ, ಅಂದರೆ ಕ ಹೋಗಿ ಗ ಬರುತ್ತೆ. ಶಾಲೆಯಲ್ಲಿ ಆದೇಶ ಸಂಧಿ ಅಂತ ಓದಿದ್ದೀವಲ್ಲ, ಅದೇ. ಅದೇ ದಾರಿಯಲ್ಲಿ ತೆಗೆ ಅನ್ನುವುದು 'ದೆಗೆ' ಆಗಿ ಹಿಂದೆಗೆ ಆಯಿತು. ಇದು ಹಳೆಯ ಪದ. ಕಾವ್ಯಗಳಲ್ಲಿ ಯುದ್ಧದ ಮಾತು ಬಂದಾಗ ಕಾಣುವುದು ಇದು.

ಹಿಂತೆಗೆ, ಹಿಂಪಡೆ ಅನ್ನುವುದರಲ್ಲಿ ತ ಮತ್ತು ಪ ಹಾಗೇ ಉಳಿದಿವೆ. ನಿಯಮದ ಪ್ರಕಾರ ಹೋದರೆ ಹಿಂಬಡೆ ಅಂತ ಆಗಬೇಕಿತ್ತು, ಆದರೆ ಯಾರೂ ಹಾಗೆ ಅನ್ನಲ್ಲ. ಕಚೇರಿ ಮತ್ತು ಪತ್ರಿಕೆಯ ಬಳಕೆಯಲ್ಲಿ ಎರಡು ತುಂಡೂ ಬಿಡಿಯಾಗಿ ಕಾಣುವ ರೂಪವೇ ನಿಂತಿದೆ. ಓದುವವರಿಗೂ ಅದು ಸುಲಭ. ಹಾಗಾಗಿ ಹಿಂದೆಗೆ ಸರಿ, ಹಿಂತೆಗೆ ತಪ್ಪು ಅಂತ ಯಾರಾದರೂ ವಾದಕ್ಕೆ ಬಂದರೆ ಒಪ್ಪಬೇಡಿ.

ಅರ್ಥದಲ್ಲಿ ಮಾತ್ರ ಸ್ವಲ್ಪ ದೂರ ಆಗಿದ್ದಾವೆ. ಹಿಂದೆಗೆ ಅಂದರೆ ಈಗ ಅಂಜಿ ಹಿಂದಕ್ಕೆ ಸರಿ, ಹಿಂಜರಿ ಅನ್ನುವ ಅರ್ಥವೇ ಮುಂದೆ ಬರುತ್ತೆ. "ಎಷ್ಟು ಕಷ್ಟ ಬಂದರೂ ಹಿಂದೆಗೆಯಲಿಲ್ಲ." ಹಿಂತೆಗೆ ಅಂದರೆ ಒಂದು ವಸ್ತುವನ್ನೋ ಪಡೆಯನ್ನೋ ಆದೇಶವನ್ನೋ ವಾಪಸ್ ಎಳೆದುಕೊಳ್ಳುವುದು. "ನಿಷೇಧಾಜ್ಞೆ ಹಿಂತೆಗೆದುಕೊಂಡರು." ಮೊದಲನೆಯದರಲ್ಲಿ ಮನುಷ್ಯನೇ ಹಿಂದಕ್ಕೆ ಹೋಗುತ್ತಾನೆ, ಎರಡನೆಯದರಲ್ಲಿ ಅವನು ಬೇರೇನನ್ನೋ ಹಿಂದಕ್ಕೆ ತರುತ್ತಾನೆ.

ಹಾಗಾದರೆ ಹಿಂಪಡೆ ಮತ್ತು ಹಿಂದೆ ಸರಿ ಒಂದೇನಾ?

ಅಲ್ಲ. ಚುನಾವಣೆ ಬಂದಾಗ ಇದು ಚೆನ್ನಾಗಿ ಗೊತ್ತಾಗುತ್ತೆ.

ವಿಧಾನಸಭೆ, ಲೋಕಸಭೆ ಚುನಾವಣೆಗಳು ನಡೆಯುವುದು 1951ರ ಪ್ರಜಾಪ್ರತಿನಿಧಿ ಕಾಯ್ದೆಯಂತೆ. ಅದರ ಪ್ರಕಾರ ನಾಮಪತ್ರ ಹಿಂಪಡೆಯಲು ಗಡುವಿದೆ. ಪರಿಶೀಲನೆ ಆದ ಮೇಲೆ ಎರಡನೇ ದಿನ, ಮಧ್ಯಾಹ್ನ 3 ಗಂಟೆ ಒಳಗೆ. ರಜೆ ಬಿದ್ದರೆ ದಿನ ಮುಂದೆ ಹೋಗುತ್ತೆ. ಬರವಣಿಗೆಯಲ್ಲೇ ಕೊಡಬೇಕು. ಅಭ್ಯರ್ಥಿ ತಾನೇ ಹೋಗಿ ಕೊಡಬಹುದು, ಇಲ್ಲವಾದರೆ ಅವರು ಲಿಖಿತವಾಗಿ ಅಧಿಕಾರ ಕೊಟ್ಟ ಸೂಚಕರೋ ಏಜೆಂಟರೋ ಕೊಡಬಹುದು. ಒಮ್ಮೆ ಕೊಟ್ಟ ಮೇಲೆ ಮುಗಿಯಿತು. "ಇಲ್ಲ ಸಾರ್, ಮನಸ್ಸು ಬದಲಾಯ್ತು, ನಿಲ್ತೀನಿ" ಅಂದರೆ ನಡೆಯಲ್ಲ, ಹಿಂಪಡೆದದ್ದನ್ನು ಮತ್ತೆ ಹಿಂಪಡೆಯುವ ಹಾಗಿಲ್ಲ.

ಗಡುವು ದಾಟಿದ ಮೇಲೂ ಕೆಲವರು ಬೇರೆಯವರಿಗೆ ಬೆಂಬಲ ಕೊಟ್ಟು "ಕಣದಿಂದ ಹಿಂದೆ ಸರಿದಿದ್ದೇನೆ" ಅನ್ನುತ್ತಾರೆ. ಅದು ಹಿಂದೆ ಸರಿಯುವುದು, ಹಿಂಪಡೆಯುವುದಲ್ಲ. ಮತಯಂತ್ರದಲ್ಲಿ ಅವರ ಹೆಸರು, ಚಿಹ್ನೆ ಎರಡೂ ಇದ್ದೇ ಇರುತ್ತವೆ, ಜನ ಒತ್ತಿದರೆ ಮತ ಬೀಳುತ್ತೆ. ಹಿಂಪಡೆ ಅನ್ನುವುದು ಕಾಗದದ ಕೆಲಸ, ಹಿಂದೆ ಸರಿ ಅನ್ನುವುದು ಮನುಷ್ಯನ ತೀರ್ಮಾನ. ಎರಡೂ ಒಟ್ಟಿಗೆ ಆಗಬಹುದು, ಆಗದೆಯೂ ಇರಬಹುದು.

ಕಣ ಅನ್ನುವುದು ನಮ್ಮ ಕಡೆ ರಾಗಿ ಒಕ್ಕುವ ಜಾಗ, ಕಾಫಿ ಒಣಗಿಸುವ ಜಾಗ ಕೂಡ. ಚುನಾವಣೆಗೂ ಅದೇ ಪದ ಬಂದಿದೆ ಅಂತ ನೆನಪಾದಾಗಲೆಲ್ಲ ಈ ಪದ ನನಗೆ ಇನ್ನಷ್ಟು ಹತ್ತಿರ ಅನ್ನಿಸುತ್ತೆ.

ಬ್ಯಾಂಕಿನಲ್ಲಿ ಏನು ಬರೆಯಬೇಕು, ಬಾಯಲ್ಲಿ ಏನು ಹೇಳಬೇಕು?

ಬಾಯಲ್ಲಿ ನಿಮಗೆ ಬಂದ ಹಾಗೆ ಹೇಳಿ. ಹಾಸನದಲ್ಲಿ ಜಾಸ್ತಿ ಕೇಳುವುದು "ದುಡ್ಡು ಡ್ರಾ ಮಾಡ್ಬೇಕು." ವಯಸ್ಸಾದವರು "ದುಡ್ಡು ತೆಗೀಬೇಕು" ಅನ್ನುತ್ತಾರೆ, ಇನ್ನು ಕೆಲವರು "ದುಡ್ಡು ಬಿಡಿಸ್ಬೇಕು." ಎಲ್ಲವೂ ಒಳ್ಳೆಯ ಕನ್ನಡವೇ. ಕೌಂಟರಿನಲ್ಲಿ ಕೂತವರಿಗೆ ಅರ್ಥ ಆಗುತ್ತೆ.

ಬರೆಯುವಾಗ "ನನ್ನ ಉಳಿತಾಯ ಖಾತೆಯಿಂದ 5,000 ರೂಪಾಯಿ ಹಿಂಪಡೆಯುತ್ತಿದ್ದೇನೆ" ಅಂತ ಬರೆಯಿರಿ. ಎಟಿಎಂನಲ್ಲಿ ಕನ್ನಡ ಒತ್ತಿದರೂ ಹಣ ಹಿಂಪಡೆಯುವುದು ಅನ್ನುವ ಥರದ ಸಾಲೇ ಬರುತ್ತೆ. ಹಿಂದಿರುಗಿಸು ಅಂತ ಬರೆಯಬೇಡಿ. ಹಿಂದಿರುಗಿಸು ಅಂದರೆ ಬೇರೆಯವರದ್ದನ್ನು ಅವರಿಗೆ ವಾಪಸ್ ಕೊಡುವುದು. ಹಿಂಪಡೆ ಅಂದರೆ ನಿಮ್ಮದನ್ನು ನೀವು ತಗೊಳ್ಳುವುದು. ಒಂದರಲ್ಲಿ ದುಡ್ಡು ನಿಮ್ಮ ಕೈಯಿಂದ ಹೋಗುತ್ತೆ, ಇನ್ನೊಂದರಲ್ಲಿ ಕೈಗೆ ಬರುತ್ತೆ. ಇದು ಗೊತ್ತಿಲ್ಲದೆ ಬರೆದ ಕಾಗದ ಎಷ್ಟೋ ನೋಡಿದ್ದೇನೆ.

ದುಡ್ಡು ಕಟ್ ಆಯ್ತು ಅನ್ನುವುದು ಹಿಂಪಡೆದ ಹಾಗೇನಾ?

ಖಂಡಿತ ಅಲ್ಲ, ಈ ವ್ಯತ್ಯಾಸವನ್ನು ದಯವಿಟ್ಟು ಗಟ್ಟಿಯಾಗಿ ಹಿಡಿದುಕೊಳ್ಳಿ. ನೀವು ತೆಗೆದರೆ ಡ್ರಾ. ನೀವು ತೆಗೆಯದೆ ದುಡ್ಡು ತಾನಾಗಿ ಹೋದರೆ ಕಟ್. ದೂರು ಬರೆಯುವಾಗ "ನನ್ನ ಖಾತೆಯಿಂದ ಹಣ ಹಿಂಪಡೆಯಲಾಗಿದೆ" ಅಂತ ಸುಮ್ನೆ ಬರೆದರೆ, ತೆಗೆದದ್ದು ಯಾರು ಅಂತ ಗೊತ್ತಾಗಲ್ಲ. "ನನ್ನ ಗಮನಕ್ಕೆ ಬಾರದೆ, ನನ್ನ ಒಪ್ಪಿಗೆ ಇಲ್ಲದೆ ಖಾತೆಯಿಂದ ಇಷ್ಟು ಹಣ ಕಡಿತವಾಗಿದೆ" ಅಂತ ಬರೆಯಿರಿ. ಯಾರೋ ಮೋಸದಿಂದ ತೆಗೆದಿದ್ದಾರೆ ಅನ್ನಿಸಿದರೆ ಕಾಗದ ಬರೆಯುವುದು ಆಮೇಲೆ, ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಆ ವಿಷಯದಲ್ಲಿ ಒಂದೊಂದು ಗಂಟೆಯೂ ಮುಖ್ಯ.

ಎಟಿಎಂನಲ್ಲಿ ನೋಟು ಬರದೆ ಖಾತೆಯಲ್ಲಿ ಮಾತ್ರ ಕಡಿತ ಆದರೆ ಅದೂ ನೀವು ಹಿಂಪಡೆದ ಹಾಗಲ್ಲ. ರಿಸರ್ವ್ ಬ್ಯಾಂಕ್ 2019ರಲ್ಲಿ ಮಾಡಿದ ನಿಯಮದಂತೆ ಅಂಥ ಹಣವನ್ನು ಆ ದಿನ ಬಿಟ್ಟು 5 ದಿನದೊಳಗೆ ಖಾತೆಗೆ ವಾಪಸ್ ಜಮೆ ಮಾಡಬೇಕು. ತಡ ಆದರೆ ದಿನಕ್ಕೆ 100 ರೂಪಾಯಿ ಪರಿಹಾರ. ಇದನ್ನು ಕೇಳಿ ಪಡೆಯಲು ನಾಚಿಕೆ ಬೇಡ.

ಬಿಡಿಸು ಅನ್ನುವುದು ಹಳ್ಳಿ ಮಾತಲ್ವಾ? ಬರೆಯಬಹುದಾ?

ಬರೆಯಬಹುದು. ನನಗೆ ತುಂಬಾ ಇಷ್ಟವಾದ ಪದ ಅದು. ಅವರೆಕಾಯಿ ಬಿಡಿಸುತ್ತೇವೆ, ಹೂ ಬಿಡಿಸುತ್ತೇವೆ, ಲೆಕ್ಕ ಬಿಡಿಸುತ್ತೇವೆ, ಜಗಳ ಬಿಡಿಸುತ್ತೇವೆ, ಅಡವಿಟ್ಟ ಒಡವೆ ಬಿಡಿಸುತ್ತೇವೆ. ಎಲ್ಲ ಕಡೆಯೂ ಒಳಗಿನ ಕೆಲಸ ಒಂದೇ. ಯಾವುದೋ ಹಿಡಿತದಲ್ಲಿ ಸಿಕ್ಕಿಕೊಂಡಿದ್ದನ್ನು ಆ ಹಿಡಿತದಿಂದ ಹೊರಗೆ ತರುವುದು. ಅಡವಿಟ್ಟ ಸರವನ್ನು "ಹಿಂಪಡೆದೆ" ಅಂದರೆ ಅರ್ಥ ಆಗುತ್ತೆ ನಿಜ, ಆದರೆ "ಬಿಡಿಸಿಕೊಂಡೆ" ಅಂದರೆ ಆ ಮನೆಯವರು ಎಷ್ಟು ತಿಂಗಳು ಬಡ್ಡಿ ಕಟ್ಟಿದರು, ಮದುವೆ ಹೊತ್ತಿಗೆ ಸರ ಮನೆಗೆ ಬರಲಿ ಅಂತ ಎಷ್ಟು ಒದ್ದಾಡಿದರು, ಆ ಕಷ್ಟವೂ ಕೇಳಿಸುತ್ತೆ. ಪಿಎಫ್ ದುಡ್ಡಿಗೂ ಜನ ಬಿಡಿಸು ಅನ್ನುವುದು ಇದಕ್ಕೇ ಇರಬೇಕು. ಅದೂ ವರ್ಷಗಟ್ಟಲೆ ಕೈಗೆ ಸಿಗದೆ ಕೂತ ದುಡ್ಡೇ ಅಲ್ವಾ?

ಒಂದು ಎಚ್ಚರ. "ಮಗಳನ್ನ ಸ್ಕೂಲ್ ಬಿಡಿಸಿದೀವಿ" ಅಂದರೆ ಅವಳ ಓದೇ ನಿಂತಿತು ಅಂತ ಕೇಳಿದವರು ತಿಳಿಯುತ್ತಾರೆ. ಬೇರೆ ಶಾಲೆಗೆ ಸೇರಿಸಲು ಟಿಸಿ ಬೇಕಿದ್ದರೆ "ವರ್ಗಾವಣೆ ಪತ್ರ ಕೊಡಿ" ಅಂತಲೇ ಬರೆಯಿರಿ. ಶಾಲೆ ಬಿಡಿಸುತ್ತಿದ್ದೇವೆ ಅಂತ ಬರೆಯಬೇಡಿ.

ವಾಪಸ್ ಕನ್ನಡ ಪದ ಅಲ್ಲ ಅಂತಾರೆ. ಬಿಟ್ಟುಬಿಡಬೇಕಾ?

ಬೇಡ. ವಾಪಸ್ ಪಾರಸಿಯಿಂದ ಬಂದದ್ದು. ಅದರಲ್ಲಿರುವ ಪಸ್ ಅನ್ನುವುದಕ್ಕೆ ಪಾರಸಿಯಲ್ಲಿ ಹಿಂದೆ ಅಂತಲೇ ಅರ್ಥ, ಅಂದರೆ ನಮ್ಮ 'ಹಿಂ' ಮಾಡುವ ಕೆಲಸವನ್ನೇ ಅದೂ ಮಾಡುತ್ತೆ. ಕಚೇರಿ, ಅರ್ಜಿ, ರಾಜಿ, ರಾಜೀನಾಮೆ, ಜಮೆ, ಇವೆಲ್ಲ ಹೀಗೇ ಬೇರೆ ಭಾಷೆಗಳಿಂದ ಬಂದು ನಮ್ಮವಾದವು. ಇವನ್ನೆಲ್ಲ ಕಿತ್ತುಹಾಕಿದರೆ ತಾಲ್ಲೂಕು ಕಚೇರಿಯಲ್ಲಿ ಮಾತೇ ನಡೆಯಲ್ಲ.

ವಾಪಸ್, ವಾಪಸು ಎರಡೂ ನಡೆಯುತ್ತವೆ. ವಾಪಾಸು ಅಂತ ಪ ಎಳೆಯುವುದು ಬೇಡ.

ಆದರೆ ವಾಪಸ್‌ಗೆ ಒಂದು ದೊಡ್ಡ ತೊಂದರೆ ಇದೆ. ಅದು ಎರಡೂ ದಿಕ್ಕಿಗೆ ಹೋಗುತ್ತೆ. ವಾಪಸ್ ಕೊಡು, ವಾಪಸ್ ತಗೋ, ವಾಪಸ್ ಬಾ, ವಾಪಸ್ ಹೋಗು. ಮಾತಿನಲ್ಲಿ ಸರಿ, ಎದುರಿಗೆ ಇರುತ್ತೇವೆ, ಕೈ ಮಾಡಿ ತೋರಿಸುತ್ತೇವೆ. ಕಾಗದದಲ್ಲಿ ಆ ಕೈ ಇರಲ್ಲ.

ಇದು ನನಗೆ ಗೊತ್ತಾಗಿದ್ದು ನನ್ನದೇ ತಪ್ಪಿನಿಂದ. ಈ ಕೆಲಸಕ್ಕೆ ಕೂತ ಹೊಸದರಲ್ಲಿ ಆಲೂರು ಕಡೆಯ ಒಬ್ಬ ಅಜ್ಜಿ ಬಂದರು. ಒಂದು ಕಚೇರಿಗೆ ಅರ್ಜಿ ಹಾಕಿದ್ದರು, ಅದರ ಜೊತೆ ಮೂಲ ಕಾಗದಗಳನ್ನೂ ಕೊಟ್ಟುಬಿಟ್ಟಿದ್ದರು. "ಅರ್ಜಿ ವಾಪಸ್ ಬೇಕು ಕಣಪ್ಪ, ಹೆಸರು ತಪ್ಪಾಗಿದೆ, ಸರಿ ಮಾಡಿ ಮತ್ತೆ ಕೊಡ್ತೀನಿ" ಅಂದರು. ನಾನು ಅರ್ಧ ಕೇಳಿಸಿಕೊಂಡು, ವಾಪಸ್ ಅಂದರೆ ಹಿಂಪಡೆ ಅಂದುಕೊಂಡು, "ನನ್ನ ಅರ್ಜಿಯನ್ನು ಹಿಂಪಡೆಯುತ್ತಿದ್ದೇನೆ" ಅಂತ ಚೊಕ್ಕವಾಗಿ ಬರೆದುಕೊಟ್ಟೆ. ಅಜ್ಜಿ ಹೆಬ್ಬೆಟ್ಟು ಒತ್ತಿ ಕೊಟ್ಟು ಬಂದರು. ಅಲ್ಲಿ ಅರ್ಜಿಯನ್ನೇ ಮುಕ್ತಾಯ ಮಾಡಿದರು. ಕಚೇರಿಯವರ ತಪ್ಪೇನಿಲ್ಲ, ಕಾಗದದಲ್ಲಿ ಹಾಗೇ ಇತ್ತು. ಅವರಿಗೆ ಬೇಕಿದ್ದದ್ದು ತಿದ್ದಲಿಕ್ಕೆ ಕಾಗದ, ನಾನು ಬರೆದದ್ದು ಅರ್ಜಿಯೇ ಬೇಡ ಅಂತ. ಮತ್ತೆ ಮೊದಲಿನಿಂದ ಹಾಕಿಸಬೇಕಾಯಿತು, ಅಷ್ಟರಲ್ಲಿ ಆ ವರ್ಷದ ಅವಧಿ ಮುಗಿದುಹೋಗಿತ್ತು. ಅಜ್ಜಿ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಇವತ್ತಿಗೂ ಯಾರಾದರೂ ವಾಪಸ್ ಅಂದರೆ ನಾನು ಪೆನ್ನು ಕೆಳಗಿಟ್ಟು ಕೇಳುತ್ತೇನೆ: ತಿದ್ದೋಕೆ ಬೇಕಾ, ಇಲ್ಲ ಪೂರ್ತಿ ಬೇಡವಾ?

2,000 ರೂಪಾಯಿ ನೋಟು ರದ್ದಾಯಿತೋ, ಹಿಂಪಡೆದರೋ?

ಹಿಂಪಡೆದದ್ದು. 2016ರ ನವೆಂಬರ್ 8ರ ರಾತ್ರಿ 500 ಮತ್ತು 1,000ದ ಹಳೆಯ ನೋಟುಗಳಿಗೆ ಆಗಿದ್ದು ರದ್ದು, ಅವುಗಳ ಮಾನ್ಯತೆಯೇ ಹೋಯಿತು. 2023ರ ಮೇ 19ರಂದು ರಿಸರ್ವ್ ಬ್ಯಾಂಕ್ 2,000ದ ನೋಟನ್ನು ಚಲಾವಣೆಯಿಂದ ಹಿಂಪಡೆಯುತ್ತೇವೆ ಅಂತ ಹೇಳಿತು, ಆದರೆ ಮಾನ್ಯತೆ ಮುಂದುವರಿಯುತ್ತೆ ಅಂತಲೂ ಹೇಳಿತು. ಬ್ಯಾಂಕಿನಲ್ಲಿ ಕೊಡಲು ಮೊದಲು ಸೆಪ್ಟೆಂಬರ್ 30ರವರೆಗೆ, ಆಮೇಲೆ ಅಕ್ಟೋಬರ್ 7ರವರೆಗೆ ಸಮಯ ಕೊಟ್ಟರು. ಆ ದಿನಗಳಲ್ಲಿ ಸಂತೆಯಲ್ಲಿ ಅದೆಷ್ಟು ಜನ "ರದ್ದಾಗಿದೆ" ಅಂತ ಹೆದರಿ ನೋಟನ್ನು ಕಡಿಮೆ ಬೆಲೆಗೆ ಬಿಡಲು ಹೊರಟಿದ್ದರು! ಒಂದು ಪದದ ವ್ಯತ್ಯಾಸ, ಅಷ್ಟೇ. ರದ್ದು ಅಂದರೆ ಬೆಲೆ ಹೋಯಿತು. ಹಿಂಪಡೆ ಅಂದರೆ ಕೊಟ್ಟವರು ವಾಪಸ್ ತಗೊಳ್ಳುತ್ತಾರೆ, ಬೆಲೆ ಇದ್ದೇ ಇದೆ.

ಪೊಲೀಸ್ ದೂರು, ಕೋರ್ಟ್ ಕೇಸು ವಾಪಸ್ ತಗೊಳ್ಳಬಹುದಾ?

ನಾನು ವಕೀಲ ಅಲ್ಲ, ಪದದ ಮಟ್ಟಿಗೆ ಹೇಳುತ್ತೇನೆ. "ಕೇಸ್ ವಾಪಸ್ ತಗೊಂಡೆ" ಅನ್ನುವ ಒಂದೇ ಮಾತಿನ ಕೆಳಗೆ ಮೂರು ನಾಲ್ಕು ಬೇರೆ ಬೇರೆ ಸಂಗತಿ ಕೂತಿರುತ್ತವೆ.

ಎಫ್‌ಐಆರ್ ಆದ ಮೇಲೆ ದೂರು ಕೊಟ್ಟವರು ಠಾಣೆಗೆ ಹೋಗಿ ಒಂದು ಚೀಟಿ ಬರೆದುಕೊಟ್ಟರೆ ಅದು ಅಳಿಸಿಹೋಗಲ್ಲ. ಕಾನೂನು ರಾಜಿಗೆ ಬಿಡುವ ಅಪರಾಧವಾದರೆ ರಾಜಿ ಮಾಡಿಕೊಳ್ಳಬಹುದು. ಕೆಲವಕ್ಕೆ ಹೈಕೋರ್ಟಿಗೇ ಹೋಗಿ ರದ್ದು ಕೇಳಬೇಕು. ಸರ್ಕಾರ ಕೇಸು ಹಿಂಪಡೆಯಿತು ಅಂತ ಪೇಪರಿನಲ್ಲಿ ಬರುತ್ತಲ್ಲ, ಅಲ್ಲೂ ಸರ್ಕಾರಿ ವಕೀಲರು ಕೇಳಬೇಕು, ಕೋರ್ಟ್ ಒಪ್ಪಬೇಕು.

ಜಮೀನಿನ ದಾವೆ ಬೇರೆ ಥರ. ಅದನ್ನು ಹಾಕಿದವರೇ ಹಿಂಪಡೆಯಬಹುದು. ಆದರೆ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 23ನೇ ಆದೇಶದ ಪ್ರಕಾರ, ಮತ್ತೆ ಹಾಕಲು ಕೋರ್ಟಿನ ಅನುಮತಿ ಪಡೆಯದೆ ಹಿಂಪಡೆದರೆ ಅದೇ ವಿಷಯಕ್ಕೆ ಹೊಸ ದಾವೆ ಹಾಕುವಂತಿಲ್ಲ. ಅಣ್ಣತಮ್ಮಂದಿರ ಪಾಲಿನ ವಿಷಯದಲ್ಲಿ ಹಬ್ಬಕ್ಕೆ ಒಂದಾಗಿ, ಖುಷಿಯಲ್ಲಿ "ವಾಪಸ್ ತಗೋತೀನಿ ಬಿಡೋ" ಅಂದು ಸಹಿ ಹಾಕುವವರಿದ್ದಾರೆ. ಒಂದಾಗಿದ್ದು ಒಳ್ಳೆಯದೇ. ಆದರೂ ಹಿಂಪಡೆಯುತ್ತೇನೆ ಅನ್ನುವ ಪದದ ಮೇಲೆ ಸಹಿ ಹಾಕುವ ಮುಂಚೆ ವಕೀಲರನ್ನು ಒಂದು ಮಾತು ಕೇಳಿ. ಓದಲು ಬಾರದವರ ಹತ್ತಿರ ಇಂಥ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತೆ. ಅಕ್ಕಪಕ್ಕ ಅಂಥವರಿದ್ದರೆ ನೀವಾದರೂ ಜೋರಾಗಿ ಓದಿ ಹೇಳಿ.

ಹಿಂಜರಿ, ಹಿಂದೇಟು ಹಾಕು, ಹಿಮ್ಮೆಟ್ಟು: ಇವೆಲ್ಲ ಎಲ್ಲಿ ಬರುತ್ತವೆ?

ಹಿಂಜರಿ ಅಂದರೆ ಇನ್ನೂ ಹೆಜ್ಜೆ ಇಟ್ಟಿಲ್ಲ, ಮನಸ್ಸು ಎಳೆಯುತ್ತಿದೆ. ಹಿಂದೇಟು ಹಾಕು ಅಂದರೆ ಮಾಡಬೇಕಾದ್ದನ್ನು ಮಾಡದೆ ಜಾರಿಕೊಳ್ಳುವುದು, ಅದರಲ್ಲಿ ಸ್ವಲ್ಪ ದೂರು ಇದೆ. "ಗಂಡಿನ ಕಡೆಯವರು ಯಾಕೋ ಹಿಂದೇಟು ಹಾಕ್ತಿದ್ದಾರೆ" ಅಂದರೆ ಮಾತುಕತೆ ಇನ್ನೂ ಮುರಿದಿಲ್ಲ, "ಹಿಂದೆ ಸರಿದ್ರು" ಅಂದರೆ ಮುರಿಯಿತು.

ಹಿಮ್ಮೆಟ್ಟು ಅನ್ನುವುದು ಹಿಂದಕ್ಕೆ ಮೆಟ್ಟುವುದು, ಸೇನೆಯ ಮಾತು. ಹಿಮ್ಮೆಟ್ಟಿಸು ಅಂದರೆ ಬಂದವರನ್ನು ಹಿಂದಕ್ಕೆ ಕಳಿಸುವುದು. ಸಕಲೇಶಪುರ, ಆಲೂರು, ಬೇಲೂರು ಕಡೆ ಆನೆ ತೋಟಕ್ಕೆ ಬಂದಾಗ ಪತ್ರಿಕೆಯಲ್ಲಿ ಹಿಮ್ಮೆಟ್ಟಿಸಿದರು ಅಂತ ಬರೆದರೂ ಊರಿನವರು ಅನ್ನುವುದು ಕಾಡಿಗೆ ಅಟ್ಟಿದರು ಅಂತಲೇ. ನನಗೂ ಅಟ್ಟು ಸರಿ ಅನ್ನಿಸುತ್ತೆ. ಆನೆ ತಾನಾಗಿ ಹಿಂದೆ ಸರಿಯಲ್ಲ.

ಹಿಂಗಾರು ಅಂದರೆ ಹಿಂದಕ್ಕೆ ಹೋಗುವ ಮಳೆನಾ?

ಹಾಗೆ ಅನ್ನಿಸುವುದು ಸಹಜ, ಶಾಲೆಯ ಪುಸ್ತಕದಲ್ಲೂ ಹಿಂದಿರುಗುವ ಮಾನ್ಸೂನ್ ಅಂತ ಓದಿರುತ್ತೇವೆ. ಆದರೆ ಪದದ ಒಳಗೆ ನೋಡಿ. ಕಾರ್ ಅಂದರೆ ಮಳೆಗಾಲ. ಮೊದಲು ಬರುವುದು ಮುಂಗಾರು, ಆಮೇಲೆ ಬರುವುದು ಹಿಂಗಾರು. ಇಲ್ಲಿ 'ಹಿಂ' ಅನ್ನುವುದು ಹಿಂದಕ್ಕೆ ಅಲ್ಲ, ತಡವಾಗಿ ಅಂತ. ನಿಜವಾಗಿ ಹಿಂದೆ ಸರಿಯುವುದು ಮುಂಗಾರು ಮಾರುತ. ಸಾಮಾನ್ಯವಾಗಿ ಸೆಪ್ಟೆಂಬರ್ 17ರ ಹೊತ್ತಿಗೆ ಪಶ್ಚಿಮ ರಾಜಸ್ಥಾನದಿಂದ ಹಿಂದೆ ಸರಿಯಲು ಶುರು ಮಾಡಿ ಅಕ್ಟೋಬರ್ 15ರ ಹೊತ್ತಿಗೆ ಇಡೀ ದೇಶ ಬಿಡುತ್ತೆ. ಅದು ಹೋದ ಮೇಲೆ ಬರುವ ಮಳೆ ಅರಸೀಕೆರೆ, ಕಡೂರಿನ ಬಯಲಿಗೆ ಬೇಕು, ಹುರುಳಿ, ಕಡಲೆ ಅದನ್ನೇ ನಂಬಿವೆ. ಮೂಡಿಗೆರೆ ತೋಟದವರಿಗೆ ಅದೇ ಮಳೆ ಸಂಕಟ. ಅರೇಬಿಕಾ ಕಾಫಿ ಹಣ್ಣು ಕುಯ್ದು ಕಣದಲ್ಲಿ ಹರಡಿರುತ್ತಾರೆ.

ಅಡಿಕೆ ಹೂವಿನ ಗೊನೆಗೆ ಅನ್ನುವ ಹಿಂಗಾರ ಬೇರೆಯೇ ಪದ. ಎರಡನ್ನೂ ಕಲೆಸಬೇಡಿ.

ಹಿಂಗು ಮತ್ತು ಇಂಗು?

ನಮ್ಮ ಕಡೆ ಮಾತಿನಲ್ಲಿ ಹ ಬಿದ್ದುಹೋಗುವುದರಿಂದ ಇವೆರಡೂ ಒಂದೇ ಥರ ಕೇಳಿಸುತ್ತವೆ. ಇಂಗು ಅಂದರೆ ನೆಲದೊಳಗೆ ಇಳಿಯುವುದು, ಇಂಗುಗುಂಡಿ ಅದರಿಂದ ಬಂದದ್ದು. ಹಿಂಗು ಅಂದರೆ ಕಡಿಮೆಯಾಗುತ್ತಾ ಇಲ್ಲವಾಗುವುದು. ಹಸಿವು ಹಿಂಗಿತು, ಬಾಯಾರಿಕೆ ಹಿಂಗಿತು.

ಗೊರೂರಿನ ಹೇಮಾವತಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಶೆಟ್ಟಿಹಳ್ಳಿಯ ಹಳೆಯ ಇಗರ್ಜಿ, ಅಂದರೆ ಚರ್ಚು ಇದೆಯಲ್ಲ, ಮಳೆಗಾಲದಲ್ಲಿ ಮುಳುಗುತ್ತೆ, ಬೇಸಿಗೆಯಲ್ಲಿ ಪೂರ್ತಿ ಕಾಣುತ್ತೆ. ಅಲ್ಲಿ ನೀರಿಗೆ ಹಿಂಗಿತು ಅನ್ನುವುದಕ್ಕಿಂತ ಇಳಿಯಿತು, ಹಿಂದೆ ಸರಿಯಿತು ಅನ್ನುವುದು ಚೆನ್ನ. ನೀರು ಇಲ್ಲವಾಗಿಲ್ಲ, ಮತ್ತೆ ಬರುತ್ತೆ. ಬೇಸಿಗೆಯಲ್ಲಿ ಆ ಬಿರಿದ ನೆಲದ ಮೇಲೆ ನಡೆದು ಹೋಗಿ ಗೋಡೆಯ ಮೇಲೆ ನೀರಿನ ಗುರುತು ನೋಡಿದರೆ ಹಿಂದೆ ಸರಿ ಅನ್ನುವ ಮಾತಿನ ಅರ್ಥ ಬಿಡಿಸಿ ಹೇಳಬೇಕಾಗಿಯೇ ಇಲ್ಲ.

ಕುಡಿತ ಬಿಟ್ಟಾಗ ಆಗುವ ತೊಂದರೆಗೆ ಹಿಂತೆಗೆತ ಅಂತಾರಂತೆ, ಹೌದಾ?

ಕೆಲವು ಪುಸ್ತಕ, ಕರಪತ್ರಗಳಲ್ಲಿ ಹಿಂತೆಗೆತದ ಲಕ್ಷಣ ಅಂತ ಬರೆಯುತ್ತಾರೆ. ಮನೆಯಲ್ಲಿ ಯಾರಿಗೂ ಅದು ಅರ್ಥ ಆಗಲ್ಲ. "ಕುಡಿತ ನಿಲ್ಲಿಸಿದಾಗ ಬರುವ ನಡುಕ" ಅಂದರೆ ಎಲ್ಲರಿಗೂ ಗೊತ್ತಾಗುತ್ತೆ, ಇಲ್ಲಿ ಅರ್ಥ ಆಗುವುದೇ ಮುಖ್ಯ. ವರ್ಷಗಟ್ಟಲೆ ದಿನಾ ಜಾಸ್ತಿ ಕುಡಿಯುತ್ತಿದ್ದವರು ಒಂದೇ ಸಲ ನಿಲ್ಲಿಸಿದರೆ ಒಂದು ದಿನದೊಳಗೇ ಕೈ ನಡುಗುವುದು, ಬೆವರುವುದು, ನಿದ್ದೆ ಬಾರದಿರುವುದು ಶುರುವಾಗಬಹುದು. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡು ಮೂರನೇ ದಿನ ಇಲ್ಲದ್ದು ಕಾಣುವುದು, ಗಲಿಬಿಲಿಯಿಂದ ಮಾತಾಡುವುದು ಆಗಬಹುದು. ಇದು ಗಾಳಿ ಸೋಕಿದ್ದಲ್ಲ, ಜೀವಕ್ಕೆ ಅಪಾಯ ಇರುವ ಕಾಯಿಲೆ. ದೇವರ ಮುಂದೆ ಆಣೆ ಮಾಡಿ ಬಿಟ್ಟರೂ ಸರಿ, ಆದರೆ ಡಾಕ್ಟರ ಕಣ್ಣೆದುರು ಬಿಡಲಿ. ಮಾನಸಿಕ ಆರೋಗ್ಯಕ್ಕೆ ಸರ್ಕಾರ ಇಟ್ಟಿರುವ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ.

ಯಾರ ಜೊತೆಗೂ ಬೆರೆಯದೆ ಒಳಗೇ ಉಳಿಯುವವರಿಗೆ ಏನನ್ನಬೇಕು?

ಇಲ್ಲಿ ಹಿಂಪಡೆಯೂ ಬೇಡ, ಹಿಂತೆಗೆಯೂ ಬೇಡ. ನಮ್ಮಲ್ಲಿ ಮುದುಡಿಕೊಂಡ, ಮಂಕಾದ, ಮೂಲೆ ಸೇರಿದ ಅನ್ನುವ ಮಾತುಗಳಿವೆ. ಮಳೆಗಾಲದಲ್ಲಿ ಬಸವನಹುಳು ಮುಟ್ಟಿದರೆ ಕೋಡು ಒಳಗೆ ಎಳೆದುಕೊಳ್ಳುತ್ತೆ, ಮುಟ್ಟಿದರೆ ಮುನಿ ಗಿಡ ಎಲೆ ಮಡಚುತ್ತೆ. ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟರೆ ತಾವಾಗಿ ತೆರೆದುಕೊಳ್ಳುತ್ತವೆ. ಮನುಷ್ಯರೂ ಎಷ್ಟೋ ಸಲ ಹಾಗೇ. ವಾರಗಟ್ಟಲೆ ಹಾಗೇ ಉಳಿದರೆ, ಊಟ ನಿದ್ದೆ ಬಿಟ್ಟರೆ, ಜೊತೆಯಲ್ಲಿ ಕೂತು ಮಾತಾಡಿಸಿ, ಮೇಲಿನ ನಂಬರನ್ನೇ ಇಲ್ಲಿಗೂ ಬಳಸಬಹುದು.

ಆಡಿದ ಮಾತು ಹಿಂಪಡೆಯಬಹುದಾ?

ಸಭೆಯಲ್ಲಿ "ನನ್ನ ಮಾತನ್ನು ಹಿಂಪಡೆಯುತ್ತೇನೆ" ಅನ್ನಬಹುದು, ಕಡತದಲ್ಲಿ ಹಾಗೆ ಬರೆದುಕೊಳ್ಳುತ್ತಾರೆ. ಮನೆಯಲ್ಲಿ ಅದು ನಡೆಯಲ್ಲ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತ ನಮ್ಮಜ್ಜಿ ಹೇಳುತ್ತಿದ್ದರು. ಅಲ್ಲಿ ಬೇಕಾದ್ದು "ತಪ್ಪಾಯ್ತು" ಅನ್ನುವ ಪದ.

ರಾಜೀನಾಮೆ?

ಹಿಂಪಡೆಯಬಹುದು, ಸಾಮಾನ್ಯವಾಗಿ ಅದು ಜಾರಿಗೆ ಬರುವ ಮುಂಚೆ. ನಿಮ್ಮ ನೌಕರಿಯ ನಿಯಮ ಒಮ್ಮೆ ನೋಡಿಕೊಳ್ಳಿ.

ಅರ್ಜಿ ಹಿಂಪಡೆಯುವ ಪತ್ರ ಹೇಗೆ ಬರೆಯಬೇಕು?

ನಾಲ್ಕು ಸಾಲು ಸಾಕು. ಮೇಲೆ ದಿನಾಂಕ, ಯಾರಿಗೆ, ಯಾರಿಂದ. ಆಮೇಲೆ ಹೀಗೆ:

"ನಾನು ಇಂಥ ದಿನಾಂಕದಂದು, ಇಂಥ ಸಂಖ್ಯೆಯ ಅರ್ಜಿಯನ್ನು ತಮ್ಮ ಕಚೇರಿಗೆ ಸಲ್ಲಿಸಿದ್ದೆನು. ಈಗ ಆ ಅರ್ಜಿಯ ಅಗತ್ಯ ನನಗಿಲ್ಲ. ಆದ್ದರಿಂದ ಅದನ್ನು ನನ್ನ ಸ್ವಂತ ಇಚ್ಛೆಯಿಂದ ಹಿಂಪಡೆಯುತ್ತಿದ್ದೇನೆ. ಅರ್ಜಿಯ ಜೊತೆ ಕೊಟ್ಟ ಮೂಲ ದಾಖಲೆಗಳನ್ನು ನನಗೆ ಹಿಂದಿರುಗಿಸಬೇಕಾಗಿ ಕೋರುತ್ತೇನೆ."

ಹಿಂಪಡೆ ಮತ್ತು ಹಿಂದಿರುಗಿಸು ಎರಡೂ ಇದರಲ್ಲಿ ಬಂದಿವೆ ನೋಡಿ. ಹಿಂಪಡೆಯುವವರು ನೀವು, ಹಿಂದಿರುಗಿಸುವವರು ಅವರು. ತಿದ್ದುವುದಕ್ಕೆ ಮಾತ್ರ ಬೇಕಿದ್ದರೆ ಹಿಂಪಡೆ ಅನ್ನುವ ಪದವನ್ನು ಎಲ್ಲೂ ಬರೆಯಬೇಡಿ, ಬದಲಿಗೆ "ಅರ್ಜಿಯಲ್ಲಿ ಹೆಸರು ತಪ್ಪಾಗಿದ್ದು, ಅದನ್ನು ತಿದ್ದಲು ಅವಕಾಶ ಕೊಡಬೇಕು, ಅರ್ಜಿಯನ್ನು ಚಾಲ್ತಿಯಲ್ಲೇ ಇಡಬೇಕು" ಅಂತ ಬರೆಯಿರಿ. ಎರಡು ಪ್ರತಿ ಮಾಡಿ. ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿಕೊಂಡು ಮನೆಗೆ ತನ್ನಿ. ಆಲೂರಿನ ಅಜ್ಜಿಗೆ ಎರಡನೇ ಸಲ ಬರೆದುಕೊಟ್ಟಾಗ ನಾನೇ ಜೊತೆಗೆ ಹೋಗಿ ಆ ಸೀಲು ಹಾಕಿಸಿದೆ.